ಹ್ಯಾಲಿಫ್ಯಾಕ್ಸ್ ಬಂದರಿನಿಂದ ಅಪ್ಪನಿಗೆ, ಆಯಿಗೆ

ಹ್ಯಾಲಿಫ್ಯಾಕ್ಸ್, ಕೆನಡಾ
ಅಕ್ಟೋಬರ್, ಶನಿವಾರ ರಾತ್ರಿ

ತೀರ್ಥರೂಪ ಅಪ್ಪನಿಗೆ, ಆಯಿಗೆ ನಮಸ್ಕಾರಗಳು.

ನಾನು ಕ್ಷೇಮ. ಫೋನಿನಲ್ಲಿ ಹೇಳಲು ಹೋದರೆ ಆಯಿ "ಊಟ ಆಯ್ತಾ, ಚಳಿ ಜಾಸ್ತಿಯಾ" ಅಂತ ಕೇಳುವಷ್ಟರಲ್ಲೇ ನೆಟ್ ಹೋಗುತ್ತದೆ. ಇವತ್ತಿನ ಸುದ್ದಿ ಅಪ್ಪನಿಗೆ ಪೂರ್ತಿ ಹೇಳಬೇಕು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಪ್ಪಾ, ನೀವು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ಕಾರ್ನ್‌ವಾಲಿಸ್‌ನ ಮನೆತನದವನೊಬ್ಬ ಇಲ್ಲೂ ಸಿಕ್ಕಿದ. ಅದನ್ನು ಮುಂದೆ ಹೇಳುತ್ತೇನೆ.

ಗಾಳಿ ಜೋರಾಗಿದೆ ಎಂದು ನಮ್ಮ ಹಡಗಿನ ಕಂಟೇನರ್ ಇಳಿಸುವ ಕ್ರೇನ್ ಕೆಲಸ ನಿಲ್ಲಿಸಿದ್ದರು. ನಮಗೆ ಅರ್ಧ ದಿನ ರಜೆ ಸಿಕ್ಕಿತು. ಸಾಮಾನ್ಯವಾಗಿ ಬಂದರು ಅಂದರೆ ನಮಗೆ ಗೇಟು, ನಾವಿಕರ ಮಿಷನ್ನಿನ ವ್ಯಾನು, ಯಾವುದೋ ಶಾಪಿಂಗ್ ಮಾಲ್, ಒಂದು ಸಿಮ್ ಕಾರ್ಡು. ಎಷ್ಟು ದೇಶ ನೋಡಿದೆ ಎಂದು ಊರಿನವರು ಕೇಳಿದರೆ ನನಗೆ ನಾಚಿಕೆ ಆಗುತ್ತದೆ. ನೋಡಿದ್ದೆಲ್ಲ ಬರೀ ಕಂಟೇನರ್. ಈ ಸಲ ಕೊಚ್ಚಿಯ ನಮ್ಮ ಎಲೆಕ್ಟ್ರಿಷಿಯನ್ ಹಟ ಹಿಡಿದ. ಅವನು, ನಾನು, ಡೆಕ್ಕಿನ ಮೇಸ್ತ್ರಿಯಾದ ಫಿಲಿಪಿನೋ ಬೋಸನ್, ಗೋವಾದ ಕುಕ್ ಸೇರಿ ಗೈಡ್ ಇರುವ ಕಾರೊಂದನ್ನು ಮೂರು ಗಂಟೆಗಳ ಬಾಡಿಗೆಗೆ ಗೊತ್ತು ಮಾಡಿದೆವು. ದುಬಾರಿಯೇ. ಹಂಚಿಕೊಂಡಿದ್ದರಿಂದ ಆಯಿಗೆ ಹೇಳಬಹುದಾದ ಮೊತ್ತಕ್ಕೆ ಬಂತು.

ಕಾರು ಓಡಿಸುವವರೇ ಗೈಡ್. ಸುಮಾರು ಅಪ್ಪನ ವಯಸ್ಸು. ನಾವು ಹತ್ತುತ್ತಿದ್ದ ಹಾಗೆ ಕೇಳಿದರು, ದೀಪಸ್ತಂಭವೋ ಊರೋ? ಇಲ್ಲಿಗೆ ಬರುವ ಪ್ರವಾಸಿಗಳೆಲ್ಲ ಪೆಗ್ಗೀಸ್ ಕೋವ್ ಎಂಬಲ್ಲಿಯ ದೀಪಸ್ತಂಭ ನೋಡಲು ಓಡುತ್ತಾರಂತೆ. ಹೋಗಿಬರುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. "ದೀಪಸ್ತಂಭ ನಮಗೆ ಹೊಸದಲ್ಲ, ಊರನ್ನೇ ತೋರಿಸಿ" ಎಂದೆವು. ಅವರಿಗೆ ಖುಷಿಯಾಯಿತು.

ಮೊದಲು ಹೋಗಿದ್ದು ಸ್ಮಶಾನಕ್ಕೆ. ಆಯಿ, ಮುಖ ಸಿಂಡರಿಸಬೇಡ. ನಮ್ಮ ಟರ್ಮಿನಲ್ಲಿಗೆ ಹತ್ತಿರ ಇರುವುದೇ ಅದು, ಫೇರ್‌ವ್ಯೂ ಲಾನ್. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಹೆಣ ಹುಡುಕಲು ಹಡಗು ಹೊರಟಿದ್ದು ಈ ಊರಿನಿಂದ. ಸಮುದ್ರದಡಿ ತಂತಿ ಹಾಕುವ ಮೆಕೇ-ಬೆನೆಟ್ ಎಂಬ ಹಡಗು ಒಂದೇ 306 ಹೆಣಗಳನ್ನು ಎತ್ತಿತು. ಅದರಲ್ಲಿ 116 ಹೆಣಗಳನ್ನು ಮತ್ತೆ ಸಮುದ್ರಕ್ಕೇ ಬಿಟ್ಟರು. ಊರಿಗೆ ತಂದವರಲ್ಲಿ 150 ಜನರನ್ನು ಇಲ್ಲೇ ಮಣ್ಣು ಮಾಡಿದ್ದಾರೆ, 121 ಜನ ಈ ಒಂದು ಜಾಗದಲ್ಲಿ. ಒಂದೇ ತರದ ಕಲ್ಲುಗಳು. ಎಲ್ಲದರ ಮೇಲೂ ಒಂದೇ ತಾರೀಕು, ಏಪ್ರಿಲ್ 15. ಕೆಳಗೊಂದು ನಂಬರು. ನೀರಿನಿಂದ ಎಷ್ಟನೆಯವರಾಗಿ ಎತ್ತಿದರೋ ಆ ನಂಬರು. ಎಷ್ಟೋ ಕಲ್ಲುಗಳಲ್ಲಿ ಹೆಸರೇ ಇಲ್ಲ.

227ನೇ ನಂಬರಿನ ಕಲ್ಲಿನ ಮುಂದೆ ಮಾತ್ರ ಹೂವು ಇತ್ತು. ಜೆ. ಡಾಸನ್ ಎಂದು ಬರೆದಿದೆ. ಟೈಟಾನಿಕ್ ಸಿನಿಮಾದ ನಾಯಕ ಜ್ಯಾಕ್ ಡಾಸನ್ ಇವನೇ ಎಂದುಕೊಂಡು ಜನ ಬರುತ್ತಾರಂತೆ. ನಿಜದಲ್ಲಿ ಈತ ಬಾಯ್ಲರಿಗೆ ಕಲ್ಲಿದ್ದಲು ಸಾಗಿಸುತ್ತಿದ್ದ ಕೆಲಸಗಾರ. ಸುಳ್ಳು ಕಾರಣಕ್ಕಾದರೂ ಒಬ್ಬ ಎಂಜಿನ್ ರೂಮಿನವನಿಗೆ ಹೂವು ಸಿಕ್ಕಿತಲ್ಲ ಎಂದು ಬೋಸನ್ ನಕ್ಕ. ಆದರೆ ಗೈಡ್ ಹೇಳಿದ ಇನ್ನೊಂದು ಮಾತು ಕೇಳಿ ನಮಗೆ ನಗು ಬರಲಿಲ್ಲ. ಮೆಕೇ-ಬೆನೆಟ್‌ನಲ್ಲಿ ಫಸ್ಟ್ ಕ್ಲಾಸಿನವರ ಹೆಣಗಳಿಗೆ ಪೆಟ್ಟಿಗೆ, ಮೂರನೇ ಕ್ಲಾಸಿನವರಿಗೆ ಕ್ಯಾನ್ವಾಸ್ ಬಟ್ಟೆ. ಸತ್ತ ಮೇಲೂ ಟಿಕೆಟ್ಟು ನೋಡಿದ್ದಾರೆ, ನೋಡಿ.

ಅಲ್ಲಿಂದ ಸ್ವಲ್ಪ ದೂರದಲ್ಲೇ, ಸೇತುವೆಯ ಬುಡದಲ್ಲಿ ಒಂದು ಹುಲ್ಲುಗಾವಲು, ಒಂದು ಚಿಕ್ಕ ಚರ್ಚು. ಹಡಗಿನಿಂದ ಇದನ್ನೇ ನೋಡಿ ಪಾರ್ಕ್ ಎಂದುಕೊಂಡಿದ್ದೆ. ಇದು ಆಫ್ರಿಕ್‌ವಿಲ್. ನೂರು ವರ್ಷಕ್ಕೂ ಹೆಚ್ಚು ಕಾಲ ಕರಿಯ ಜನರ ಊರು ಇಲ್ಲಿತ್ತು. ತೆರಿಗೆ ಕಟ್ಟುತ್ತಿದ್ದರು, ಆದರೆ ನಗರಸಭೆ ಅವರಿಗೆ ನೀರಿನ ಪೈಪು ಕೊಡಲಿಲ್ಲ, ಚರಂಡಿ ಕೊಡಲಿಲ್ಲ. ಪಕ್ಕಕ್ಕೇ ಊರಿನ ಕಸದ ಗುಡ್ಡೆ ತಂದು ಹಾಕಿದರು. ಆಮೇಲೆ "ಇದು ಕೊಳೆಗೇರಿ" ಎಂದು 1960ರ ದಶಕದಲ್ಲಿ ಮನೆಗಳನ್ನು ಕೆಡವಿದರು. ಸಾಮಾನು ಸಾಗಿಸಲು ಬಂದದ್ದೂ ಕಸದ ಲಾರಿಗಳೇ. ಚರ್ಚನ್ನು 1967ರಲ್ಲಿ ರಾತ್ರೋರಾತ್ರಿ ಕೆಡವಿದರು. 2010ರಲ್ಲಿ ನಗರ ಕ್ಷಮೆ ಕೇಳಿತು. ಈಗಿರುವ ಚರ್ಚು ಹಳೆಯದರ ಹಾಗೇ ಮತ್ತೆ ಕಟ್ಟಿದ್ದು. ಒಳಗೆ ಮ್ಯೂಸಿಯಂ ಇದೆ.

ಆಯಿ, ಸೀಬರ್ಡ್ ನೌಕಾನೆಲೆಗಾಗಿ ಕಾರವಾರದ ಕಡೆಯಿಂದ ಎದ್ದು ಬಂದ ನಿನ್ನ ದೊಡ್ಡಪ್ಪನ ಮನೆಯವರು ನೆನಪಾದರು. ಅದೂ ಇದೂ ಒಂದೇ ಎನ್ನುತ್ತಿಲ್ಲ. ಅಲ್ಲಿ ಪರಿಹಾರಕ್ಕೆ ಕೋರ್ಟು ಹತ್ತುವುದಕ್ಕಾದರೂ ದಾರಿ ಇತ್ತು. ಆದರೆ "ನಮ್ಮ ಮನೆ ಇದ್ದದ್ದು ಇಲ್ಲಿ" ಎಂದು ಖಾಲಿ ಜಾಗ ತೋರಿಸುವ ಸಂಕಟ ಎರಡು ಕಡೆಯೂ ಒಂದೇ ಅಲ್ವಾ?

ಇನ್ನು ಅಪ್ಪನಿಗೆ ಮುಖ್ಯವಾಗಿ ಹೇಳಬೇಕಾದ್ದು. ಇಲ್ಲಿನ ಬಂದರು ಎರಡು ಕೋಣೆಯ ಮನೆ ಇದ್ದಂತೆ. ಹೊರಗಿನದು ಸಮುದ್ರಕ್ಕೆ ತೆರೆದಿದೆ, ಒಳಗಿನದು ಬೆಡ್‌ಫರ್ಡ್ ಬೇಸಿನ್ ಎಂಬ ದೊಡ್ಡ ಕೊಳ. ನಡುವೆ ನ್ಯಾರೋಸ್ ಎಂಬ ಇಕ್ಕಟ್ಟಾದ ಕಾಲುವೆ. ನಮ್ಮ ಟರ್ಮಿನಲ್ ಒಳಗಿದೆ. ಹಾಗಾಗಿ ನಿನ್ನೆ ಬೆಳಿಗ್ಗೆ ಆ ಕಾಲುವೆಯಲ್ಲೇ ಬಂದೆವು. ನಾನು ಹಡಗು ನಡೆಸುವ ಬ್ರಿಜ್ ಕೋಣೆಯಲ್ಲಿ, ದಾರಿ ತೋರಿಸಲು ಹತ್ತುವ ಬಂದರಿನ ಪೈಲಟ್ ಪಕ್ಕ ನಿಂತಿದ್ದೆ. ಅವರು ಎಡಗಡೆಯ ದಂಡೆ ತೋರಿಸಿ "1917" ಎಂದಷ್ಟೇ ಹೇಳಿದರು. ಇವತ್ತು ಅದೇ ದಂಡೆಯ ಮೇಲಿನ ಗುಡ್ಡ ಹತ್ತಿದೆವು. ಫೋರ್ಟ್ ನೀಡಮ್. ಮೇಲೆ ಗಂಟೆಗಳನ್ನು ಕಟ್ಟಿದ ಸ್ಮಾರಕ ಇದೆ. ಅದರ ಸೀಳಿನಿಂದ ನೇರ ಕಾಲುವೆಯೇ ಕಾಣುತ್ತದೆ.

1917ರ ಡಿಸೆಂಬರ್ 6, ಬೆಳಿಗ್ಗೆ. ಮಾಂ ಬ್ಲಾಂ ಎಂಬ ಫ್ರೆಂಚ್ ಹಡಗು ನ್ಯೂಯಾರ್ಕಿನಲ್ಲಿ ಯುದ್ಧದ ಸಿಡಿಮದ್ದು ತುಂಬಿಕೊಂಡು ಒಳಗೆ ಬರುತ್ತಿತ್ತು. ಡೆಕ್ಕಿನ ಮೇಲೆ ಬೆಂಜಾಲ್ ಎಂಬ ಬೇಗ ಹೊತ್ತಿಕೊಳ್ಳುವ ಇಂಧನದ ಪೀಪಾಯಿಗಳು. ಶತ್ರುವಿಗೆ ಗೊತ್ತಾಗಬಾರದು ಎಂದು ಅಪಾಯದ ಸರಕಿದೆ ಎನ್ನುವ ಕೆಂಪು ಬಾವುಟವನ್ನೂ ಹಾರಿಸಿರಲಿಲ್ಲ. ಇಮೊ ಎಂಬ ನಾರ್ವೆಯ ಹಡಗು ಖಾಲಿ ಹೊರಗೆ ಹೋಗುತ್ತಿತ್ತು. ಬೆಲ್ಜಿಯಂನ ಹಸಿದ ಜನರಿಗೆ ಆಹಾರ ತುಂಬಿಕೊಳ್ಳಲು ನ್ಯೂಯಾರ್ಕಿಗೆ ಹೊರಟದ್ದು.

ಅಪ್ಪಾ, ರಸ್ತೆಯಲ್ಲಿ ನಾವು ಎಡಕ್ಕೆ ಹೋಗುತ್ತೇವೆ, ನೀರಿನಲ್ಲಿ ಬಲಕ್ಕೆ. ಇಮೊ ತಪ್ಪು ಬದಿಯಲ್ಲಿತ್ತು. ಮಾಂ ಬ್ಲಾಂ ಒಂದು ಸೀಟಿ ಹಾಕಿತು. ಅಂದರೆ "ನಾನು ನನ್ನ ಬಲಬದಿಯಲ್ಲೇ ಇದ್ದೇನೆ". ಇಮೊ ಎರಡು ಸೀಟಿ ಹಾಕಿತು. ಅಂದರೆ "ನಾನು ಸರಿಯುವುದಿಲ್ಲ, ಎಡಕ್ಕೇ ಬರುತ್ತೇನೆ". ಕೊನೆ ಗಳಿಗೆಯಲ್ಲಿ ಮಾಂ ಬ್ಲಾಂ ಎಡಕ್ಕೆ ತಿರುಗಿತು. ಅದೇ ಹೊತ್ತಿಗೆ ಇಮೊ ಎಂಜಿನ್ ರಿವರ್ಸ್ ಕೊಟ್ಟಿತು. ಭಾರ ಇಲ್ಲದ ಹಡಗಿಗೆ ರಿವರ್ಸ್ ಕೊಟ್ಟರೆ ಮೂತಿ ಬಲಕ್ಕೆ ತಿರುಗಿಬಿಡುತ್ತದೆ. ನಮಗೆ ತರಬೇತಿಯ ಶುರುವಿನಲ್ಲೇ ಕಲಿಸುವ ಪಾಠ ಇದು. ನೇರ ಹೋಗಿ ಗುದ್ದಿತು. ದೊಡ್ಡ ಗುದ್ದೇನಲ್ಲ. ಆದರೆ ಪೀಪಾಯಿ ಒಡೆದು ಕಿಡಿ ಹತ್ತಿತು.

ಅಲ್ಲಿಂದ ಸುಮಾರು ಇಪ್ಪತ್ತು ನಿಮಿಷ. ಮಾಂ ಬ್ಲಾಂನ ನಾವಿಕರು ದೋಣಿ ಇಳಿಸಿ ಆಚೆ ದಂಡೆಗೆ ಹುಟ್ಟು ಹಾಕಿದರು. ಕೂಗಿ ಹೇಳಿದರು, ಫ್ರೆಂಚಿನಲ್ಲಿ. ಯಾರಿಗೂ ತಿಳಿಯಲಿಲ್ಲ. ಉರಿಯುವ ಹಡಗು ತೇಲಿಕೊಂಡು ಊರಿನ ದಂಡೆಗೇ ಬಂದು ತಾಗಿತು. ಬಣ್ಣಬಣ್ಣದ ಬೆಂಕಿ, ಹೊಗೆ. ಜನ ದಂಡೆಗೆ ಓಡಿ ಬಂದರು. ಮನೆಯಲ್ಲಿದ್ದವರು, ಮಕ್ಕಳು, ಕಿಟಕಿಯ ಗಾಜಿಗೆ ಮುಖ ಒತ್ತಿ ನೋಡುತ್ತಿದ್ದರು. 9 ಗಂಟೆ 4 ನಿಮಿಷಕ್ಕೆ ಸಿಡಿಯಿತು. ಸತ್ತವರು ಹತ್ತಿರ ಹತ್ತಿರ 2,000. ಗಾಯವಾದವರು ಸುಮಾರು 9,000. ಕಿಟಕಿಗಳ ಗಾಜು ಕಣ್ಣಿಗೆ ಹೊಕ್ಕಿತು. ಇನ್ನೂರಕ್ಕೂ ಹೆಚ್ಚು ಕಣ್ಣುಗಳನ್ನು ಡಾಕ್ಟರುಗಳು ತೆಗೆಯಬೇಕಾಯಿತು. ಎದ್ದ ಅಲೆ ಎದುರು ದಂಡೆಯ ಮಿಕ್‌ಮಾಕ್ ಮೂಲನಿವಾಸಿಗಳ ಕೇರಿಯನ್ನು ಬಳಿದುಕೊಂಡು ಹೋಯಿತು. ಮರುದಿನ ಹಿಮದ ಬಿರುಗಾಳಿ ಬೇರೆ.

ಬೆಂಕಿ ಕಂಡರೆ ಕಿಟಕಿಗೆ ಹೋಗುವುದು ಮನುಷ್ಯನ ಸ್ವಭಾವ. ಹಡಗಿನಲ್ಲಿ ನಮಗೆ ಬೆಂಕಿಯ ಡ್ರಿಲ್ ಇರುತ್ತದೆ, ಬೇಜಾರಿನಿಂದ ಮಾಡುತ್ತೇವೆ. ಸೋಮವಾರದ ಡ್ರಿಲ್ಲಿನಲ್ಲಿ ಕುಕ್ ಆಕಳಿಸುವುದಿಲ್ಲ ಎಂದುಕೊಂಡಿದ್ದೇನೆ. ಅವನು ಆ ಗುಡ್ಡದ ಮೇಲೆ ಒಂದು ಮಾತೂ ಆಡಲಿಲ್ಲ.

ವಿನ್ಸ್ ಕೋಲ್ಮನ್ ಎಂಬ ರೈಲ್ವೆ ನೌಕರನ ಕತೆಯನ್ನೂ ಗೈಡ್ ಅಲ್ಲೇ ಹೇಳಿದರು. ಹಡಗಿನಲ್ಲಿ ಏನಿದೆ ಎಂದು ಅವನಿಗೆ ತಿಳಿಯಿತು. ಓಡಿಹೋಗಬಹುದಿತ್ತು. ಟೆಲಿಗ್ರಾಫಿಗೆ ಕೂತು, ಬರುವ ರೈಲನ್ನು ನಿಲ್ಲಿಸಿ, ಬಹುಶಃ ಇದೇ ನನ್ನ ಕೊನೆಯ ಸಂದೇಶ ಎಂದು ತಂತಿ ಕಳಿಸಿದ. ಅದು ಕೊನೆಯದೇ ಆಯಿತು. ಬಾಸ್ಟನ್ ಊರಿನವರು ಕೂಡಲೇ ಡಾಕ್ಟರು, ನರ್ಸು, ಔಷಧ ತುಂಬಿದ ರೈಲು ಕಳಿಸಿದರು. ಅದರ ಋಣಕ್ಕೆ 1971ರಿಂದ ಈ ಪ್ರಾಂತ್ಯ ಪ್ರತಿ ವರ್ಷ ಬಾಸ್ಟನ್ನಿಗೆ ಒಂದು ದೊಡ್ಡ ಕ್ರಿಸ್ಮಸ್ ಮರ ಕಳಿಸುತ್ತದೆ. ಇದು ನನಗೆ ಬಹಳ ಹಿಡಿಸಿತು.

ಕೋರ್ಟಿನಲ್ಲಿ ಮೊದಲು ಪೂರ್ತಿ ತಪ್ಪನ್ನು ಮಾಂ ಬ್ಲಾಂ ತಲೆಗೆ ಕಟ್ಟಿದರು. ಮೇಲಿನ ಕೋರ್ಟುಗಳಿಗೆ ಹೋದ ಮೇಲೆ ಇಬ್ಬರದ್ದೂ ಸಮ ಎಂದಾಯಿತು. ನನ್ನನ್ನು ಕೇಳಿದರೆ ಇಮೊದ್ದೇ ಜಾಸ್ತಿ. ಎಲೆಕ್ಟ್ರಿಷಿಯನ್ ಒಪ್ಪಲಿಲ್ಲ. ಸಿಡಿಮದ್ದು ಹೊತ್ತವನೇ ನಿಲ್ಲಬೇಕಿತ್ತು ಎಂದ. ಕಾರಿನಲ್ಲಿ ಇದೇ ಜಗಳ ಕೋಟೆಯವರೆಗೂ ನಡೆಯಿತು.

ಕೋಟೆ ಚೆನ್ನಾಗಿದೆ. ನಕ್ಷತ್ರದ ಆಕಾರ, 1856ರಲ್ಲಿ ಕಟ್ಟಿ ಮುಗಿಸಿದ್ದು, ಯಾರೂ ಯಾವತ್ತೂ ದಾಳಿ ಮಾಡಿಲ್ಲ. ಮಧ್ಯಾಹ್ನ 12ಕ್ಕೆ ದಿನಾ ಒಂದು ತೋಪು ಹಾರಿಸುತ್ತಾರೆ. ನಾವು ಸರಿಯಾಗಿ ಆ ಹೊತ್ತಿಗೆ ಹೋದೆವು. ಈಗಷ್ಟೇ ಸ್ಫೋಟದ ಕತೆ ಕೇಳಿ ಬಂದವರು, ಎಲ್ಲರೂ ಬೆಚ್ಚಿಬಿದ್ದೆವು. ಗೈಡ್ ನಗುತ್ತಿದ್ದರು. ಬೇಕೆಂದೇ ಹೊತ್ತು ಹೊಂದಿಸಿದ್ದರು ಅನಿಸುತ್ತದೆ.

ಈಗ ಕಾರ್ನ್‌ವಾಲಿಸ್. ರೈಲ್ವೆ ಸ್ಟೇಷನ್ನಿನ ಎದುರು ಒಂದು ಪಾರ್ಕಿದೆ. ಅಲ್ಲಿ 1931ರಿಂದ ಎಡ್ವರ್ಡ್ ಕಾರ್ನ್‌ವಾಲಿಸ್‌ನ ಪ್ರತಿಮೆ ಇತ್ತು. 1749ರಲ್ಲಿ ಈ ಊರನ್ನು ಕಟ್ಟಿಸಿದವನು. ನಾನು ತಕ್ಷಣ ಕೇಳಿದೆ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನಿಗೂ ಇವನಿಗೂ ಏನು ಸಂಬಂಧ? ಗೈಡಿಗೆ ಶ್ರೀರಂಗಪಟ್ಟಣ ಗೊತ್ತಿರಲಿಲ್ಲ. ಆದರೆ ಅಮೆರಿಕದಲ್ಲಿ 1781ರಲ್ಲಿ ಸೋತು ಶರಣಾದ ಚಾರ್ಲ್ಸ್ ಕಾರ್ನ್‌ವಾಲಿಸ್ ಇವನ ಅಣ್ಣನ ಮಗ ಎಂದರು. ಅವನೇ ನಮ್ಮವನು! ಅಲ್ಲಿ ಸೋತು ನಮ್ಮ ದೇಶಕ್ಕೆ ಗವರ್ನರ್ ಜನರಲ್ ಆಗಿ ಬಂದು, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡು ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. "ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ, ಎರಡು ಮಕ್ಕಳು" ಎಂದು ನೀವು ಬೋರ್ಡಿಗೆ ಚಾಕ್‌ಪೀಸು ಕುಟ್ಟಿ ಹೇಳಿಸುತ್ತಿದ್ದಿರಲ್ಲ, ನಾನು ಕಾರಿನಲ್ಲಿ ಅದೇ ಧಾಟಿಯಲ್ಲಿ ಹೇಳಿದೆ. ಈ ಸಲ ಗೈಡೇ ಬರೆದುಕೊಂಡರು.

ಈ ಚಿಕ್ಕಪ್ಪ ಬಂದ ವರ್ಷವೇ ಮಿಕ್‌ಮಾಕ್ ಜನರನ್ನು ಕೊಂದು ತಲೆಚರ್ಮ ತಂದವರಿಗೆ ಬಹುಮಾನ ಎಂದು ಆಜ್ಞೆ ಹೊರಡಿಸಿದ್ದ. ಬಹಳ ವರ್ಷ ಗಲಾಟೆ ಆಗಿ 2018ರಲ್ಲಿ ಪ್ರತಿಮೆಯನ್ನು ಇಳಿಸಿದರು. ಈಗ ಪಾರ್ಕಿನ ಹೆಸರೂ ಬೇರೆ, ಶಾಂತಿ ಮತ್ತು ಸ್ನೇಹದ ಪಾರ್ಕು. ಇತಿಹಾಸವನ್ನು ಅಳಿಸಬಾರದು ಎಂದು ನೀವು ಹೇಳುತ್ತೀರಿ, ಗೊತ್ತು. ಆದರೆ ಅಪ್ಪಾ, ಪ್ರತಿಮೆ ಇದ್ದಾಗ ಅವನು ಊರು ಕಟ್ಟಿದವನು ಎಂದಷ್ಟೇ ತಿಳಿಯುತ್ತಿತ್ತು. ಇಳಿಸಿ ಎಂಬ ಗಲಾಟೆ ಎದ್ದ ಮೇಲೆಯೇ ಜನ ಬಹುಮಾನದ ವಿಷಯ ಮಾತಾಡುತ್ತಿರುವುದು. ಇದಕ್ಕೆ ನಿಮ್ಮ ಉತ್ತರ ಬೇಕು, ಫೋನಿನಲ್ಲಿ ಅಲ್ಲ, ಬರೆದು.

ಉಳಿದದ್ದು ಬೇಗ ಮುಗಿಯಿತು. ಪಿಯರ್ 21ನ್ನು ಹೊರಗಿನಿಂದ ನೋಡಿದೆವು. 1928ರಿಂದ 1971ರವರೆಗೆ ಸುಮಾರು ಹತ್ತು ಲಕ್ಷ ಜನ ಹಡಗಿನಿಂದ ಇಳಿದು ಕೆನಡಾದವರಾದ ಜಾಗ. ಮತ್ತೊಂದು ಕಡೆಯ ನೀರಿನ ಹತ್ತಿರ ಮಾಂ ಬ್ಲಾಂನ ಲಂಗರಿನ ತುಂಡನ್ನು ಇಟ್ಟಿದ್ದಾರೆ. ಐದು ಕ್ವಿಂಟಾಲಿಗೂ ಹೆಚ್ಚು ಭಾರ, ಎರಡು ಮೈಲಿಗೂ ಹೆಚ್ಚು ದೂರ ಊರಿನ ಮೇಲೆ ಹಾರಿ ಬಂದು ಬಿದ್ದದ್ದು. ಅದರ ಪಕ್ಕ ನಿಂತು ಬೋಸನ್ ಫೋಟೋ ತೆಗೆಸಿಕೊಂಡ. ಅವನ ದಿನವಿಡೀ ಕೆಲಸ ಲಂಗರಿನ ಜೊತೆಗೇ ತಾನೇ.

ಆಯಿ, ಊಟದ ವಿಷಯ. ಇಲ್ಲಿನವರ ಹೆಮ್ಮೆಯ ತಿಂಡಿ ಡೊನೇರ್. ರೊಟ್ಟಿಯೊಳಗೆ ಮಾಂಸ, ಅದರ ಮೇಲೆ ಮಿಲ್ಕ್‌ಮೇಡ್, ಸಕ್ಕರೆ, ವಿನೆಗರ್, ಬೆಳ್ಳುಳ್ಳಿ ಕಲಸಿದ ಸಿಹಿ ಸಾಸು. ಹೌದು, ಮಿಲ್ಕ್‌ಮೇಡಿಗೆ ಬೆಳ್ಳುಳ್ಳಿ. ಕುಕ್ ಎರಡು ತಿಂದ. ನಾನು ಆಲೂಗಡ್ಡೆ ಫ್ರೈಸ್ ತಿಂದು, ಹಡಗಿಗೆ ಬಂದು ಅನ್ನಕ್ಕೆ ನೀನು ಕಟ್ಟಿಕೊಟ್ಟ ಅಪ್ಪೆಮಿಡಿ ಹಾಕಿಕೊಂಡೆ. ಬಾಟಲಿ ಇನ್ನೂ ಅರ್ಧ ಇದೆ.

ಗಾಳಿ ಇಳಿದಿದೆ, ಕ್ರೇನ್ ಮತ್ತೆ ಶುರುವಾಗಿದೆ. ಬೆಳಗಿನ ಜಾವ ನ್ಯೂಯಾರ್ಕಿಗೆ ಹೊರಡುತ್ತೇವೆ. ಅದೇ ಕಾಲುವೆಯಲ್ಲಿ, ಬಲಬದಿಯಲ್ಲಿ. ಅಡಿಗೆಮನೆಯ ಹೆಂಚು ಬದಲಿಸಲು ಅಪ್ಪನ ಅಕೌಂಟಿಗೆ ದುಡ್ಡು ಹಾಕಿದ್ದೇನೆ. ದೀಪಾವಳಿಗೆ ಮೊದಲೇ ಮಾಡಿಸಿ. ಅಪ್ಪ ಬಿಪಿ ಮಾತ್ರೆ ತಪ್ಪಿಸುತ್ತಿದ್ದಾರೆ ಎಂದು ತಂಗಿ ಮೆಸೇಜು ಮಾಡಿದ್ದಾಳೆ. ಆಯಿ, ನೀನೇ ನೋಡಿಕೋ.

ಇತಿ,
ನಿಮ್ಮ ಮಗ