ಬೆನಗಲ್‌ಗೆ ಹಾರ ಹಾಕಿದ್ದು ಸಾಕು, ಸಿನಿಮಾ ತೋರಿಸಿ

ಮಾನ್ಯರೇ,

ಚಿತ್ರ ನಿರ್ದೇಶಕ ಶ್ಯಾಮ್ ಬೆನಗಲ್ 2024ರ ಡಿಸೆಂಬರ್ 23ರಂದು ಮುಂಬಯಿಯಲ್ಲಿ ತೀರಿಕೊಂಡ ಮೇಲೆ ಇಲ್ಲಿನ ಕನ್ನಡಿಗರ ಬಾಯಲ್ಲಿ ಒಂದೇ ಮಾತು: ಅವರು ನಮ್ಮವರು. ಮನೆತನದ ಮೂಲ ಕರ್ನಾಟಕದ್ದೇ, ನಿಜ. ಗುರುದತ್ ಅವರಿಗೂ ಸಂಬಂಧಿ. ಆದರೆ ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲಿ, ದುಡಿದದ್ದು ಮುಂಬಯಿಯಲ್ಲಿ. ‘ನಮ್ಮವರು’ ಅನ್ನುವವರನ್ನು ‘ಅವರ ಎಷ್ಟು ಸಿನಿಮಾ ನೋಡಿದ್ದೀರಿ?’ ಅಂತ ಕೇಳಿ ನೋಡಿ. ಮಾತು ಬೇರೆ ಕಡೆ ಹೊರಳುತ್ತದೆ.

ನಮ್ಮ ಉಪನಗರದ ಸಂಘವೊಂದರ ಶ್ರದ್ಧಾಂಜಲಿ ಸಭೆಗೆ ಹೋಗಿದ್ದೆ. ಫೋಟೊಗೆ ಹಾರ, ಮೌನ, ಆಮೇಲೆ ಭಾಷಣ. ಭಾಷಣದ ತುಂಬ ಪ್ರಶಸ್ತಿಗಳ ಪಟ್ಟಿ. ಕೊನೆಗೆ ಚಹಾ. ಇಷ್ಟರಲ್ಲಿ ಅವರ ಸಿನಿಮಾದ ಒಂದು ದೃಶ್ಯವನ್ನೂ ಯಾರೂ ನೆನೆಯಲಿಲ್ಲ.

‘ನಮ್ಮವರು’ ಅನ್ನಲು ಮನೆತನಕ್ಕಿಂತ ಗಟ್ಟಿ ಕಾರಣ ಇದೆ. ಮುಂಬಯಿ ರಂಗಭೂಮಿಯಲ್ಲಿ ನಟಿಸುತ್ತಿದ್ದ ಅನಂತ್ ನಾಗ್ ಅವರನ್ನು ಹಿಂದಿ ಸಿನಿಮಾಕ್ಕೆ ಕರೆತಂದವರು ಬೆನಗಲ್. 1974ರ ‘ಅಂಕುರ್’ನಲ್ಲಿ ಅವರು ಜಮೀನ್ದಾರನ ಮಗ. ಮೀಸೆ ಚಿಗುರಿದ ಹುಡುಗ, ಜಾತಿ ಗೀತಿ ನನಗಿಲ್ಲ ಅಂತ ಮನೆಗೆಲಸದ ಕೆಳಜಾತಿಯ ಲಕ್ಷ್ಮಿಯ ಕೈಯಲ್ಲೇ ಚಹಾ ಮಾಡಿಸಿಕೊಂಡು ಕುಡಿಯುತ್ತಾನೆ. ಅವಳ ಜೊತೆ ಸಂಬಂಧವನ್ನೂ ಬೆಳೆಸುತ್ತಾನೆ. ಕೊನೆಗೆ ಅವಳ ಮೂಕ ಗಂಡ ಕೆಲಸ ಕೇಳಲು ಬಂದರೆ, ಹೊಡೆಯೋಕೇ ಬಂದ ಅಂತ ಹೆದರಿ ಅವನನ್ನು ಬಾರುಕೋಲಿನಿಂದ ಬಾರಿಸುತ್ತಾನೆ. ತಪ್ಪು ತನ್ನದು, ಹೆದರಿಕೆಯೂ ತನ್ನದೇ. ಅದೆಲ್ಲ ಅನಂತ್ ನಾಗ್ ಮುಖದಲ್ಲಿ ಕಾಣುತ್ತದೆ. ಅಲ್ಲಿನ ಮಾತು ದಖನಿ, ಅಂದರೆ ಹೈದರಾಬಾದ್ ಕಡೆಯ ಉರ್ದು. ಬೀದರ್, ಕಲಬುರಗಿ ಕಡೆಯವರಿಗೆ ಅದು ತಮ್ಮೂರ ಸಂತೆಯಲ್ಲಿ ಕೇಳಿದ ಹಾಗೇ ಇರುತ್ತದೆ.

1976ರ ‘ಮಂಥನ್’ ಕಥೆಯೇ ಬೇರೆ. ಗುಜರಾತಿನ 5 ಲಕ್ಷ ಹೈನುಗಾರರು ತಲಾ 2 ರೂಪಾಯಿ ಹಾಕಿ ಮಾಡಿದ ಸಿನಿಮಾ ಅದು. ಕಥೆ ಬರೆಯುವಾಗ ಅಮುಲ್‌ನ ವರ್ಗೀಸ್ ಕುರಿಯನ್ ಜೊತೆಗಿದ್ದರು, ಚಿತ್ರಕಥೆ ವಿಜಯ್ ತೆಂಡೂಲ್ಕರ್. ಹಳ್ಳಿಗೆ ಸಹಕಾರ ಸಂಘ ಕಟ್ಟಲು ಬರುವ ಡಾ. ರಾವ್ ನಮ್ಮ ಗಿರೀಶ್ ಕಾರ್ನಾಡ್. ಅವರು ಸ್ಟೇಷನ್ನಿನಲ್ಲಿ ಇಳಿದಾಗ ಸ್ವಾಗತಕ್ಕೆ ಒಬ್ಬರೂ ಇಲ್ಲ. ಆಮೇಲೆ ಓಡಿ ಬಂದವರ ಸಬೂಬು ಏನು ಗೊತ್ತಾ? ಗಾಡಿ ಇವತ್ತು ಟೈಮಿಗೆ ಸರಿಯಾಗಿ ಬಂದುಬಿಟ್ಟಿತು! (ದಿನಾ ಲೋಕಲ್ ಹಿಡಿಯುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.) ಮುಂದೆ ಹಾಲಿನ ಸ್ಯಾಂಪಲ್, ಕೊಬ್ಬಿನ ಲೆಕ್ಕ, ದಲ್ಲಾಳಿಯ ಮೋಸ, ಸಂಘದ ಚುನಾವಣೆ. ಚುನಾವಣೆಯಲ್ಲಿ ಸರಪಂಚನಿಗೆ ಸೋಲು, ಅವನಿಗದು ನುಂಗಲಾರದ ತುತ್ತು. ರಾವ್‌ಗೆ ವರ್ಗವಾಗುತ್ತದೆ. ಸಂಘ ಉಳಿಸಿಕೊಳ್ಳುವ ಕೆಲಸ ಊರಿನವನೇ ಆದ ಭೋಲಾನ ಹೆಗಲಿಗೆ ಬರುತ್ತದೆ. ಬಂದ ದೊಡ್ಡ ಮನುಷ್ಯ ಎಲ್ಲ ಸರಿಮಾಡಿ ಕೈಮುಗಿಸಿಕೊಂಡು ಹೋದ ಅಂತ ಮಾಡಬಹುದಿತ್ತು. ಬೆನಗಲ್ ಹಾಗೆ ಮಾಡಲಿಲ್ಲ. ಅದಕ್ಕೇ ಕುರಿಯನ್ ಈ ಸಿನಿಮಾವನ್ನು ಹಳ್ಳಿಹಳ್ಳಿಗೆ ಕಳಿಸಿ, ಸಹಕಾರ ಸಂಘ ಅಂದರೆ ಏನು ಅಂತ ರೈತರಿಗೆ ತೋರಿಸಿದರು.

ಬೆನಗಲ್ ಅವರ ಎಲ್ಲ ಸಿನಿಮಾವೂ ಒಂದೇ ತೂಕದ್ದಲ್ಲ. ಕೊನೆಯ ‘ಮುಜೀಬ್’ ನನಗಂತೂ ಸಪ್ಪೆ ಅನ್ನಿಸಿತು. ಗೋವಾದ ಹಳೇ ಮನೆಯೊಳಗೆ ನಡೆಯುವ ‘ತ್ರಿಕಾಲ್’ ಮಾತ್ರ ಎಷ್ಟು ಸಲ ನೋಡಿದರೂ ಬೇಜಾರಿಲ್ಲ.

ಈಗ ನನ್ನ ಕೋರಿಕೆ. ಮುಂಬಯಿಯಲ್ಲಿ ನಮ್ಮ ಸಂಘಗಳಿಗೇನು ಕೊರತೆ? ಕೆಲವಕ್ಕೆ ಸ್ವಂತ ಸಭಾಗೃಹವೂ ಇದೆ. ಮದುವೆ ಸೀಸನ್ ಬಿಟ್ಟರೆ ಜಾಸ್ತಿ ಖಾಲಿ. ಮುಂಬಯಿಯದೇ ಆದ ಫಿಲ್ಮ್ ಹೆರಿಟೇಜ್ ಫೌಂಡೇಶನ್ ‘ಮಂಥನ್’ನ ಹಳೆಯ ಪ್ರತಿಯನ್ನು ಸರಿಪಡಿಸಿದೆ. 2024ರಲ್ಲಿ ಅದು ಕಾನ್ ಚಿತ್ರೋತ್ಸವದಲ್ಲೂ ಆಮೇಲೆ ಇಲ್ಲಿನ ಥಿಯೇಟರುಗಳಲ್ಲೂ ತೆರೆ ಕಂಡಿತು. ಅನುಮತಿ ಕೇಳಿ, ಒಂದು ಸಂಜೆ ನಮ್ಮ ಜನಕ್ಕೂ ತೋರಿಸೋಣ. ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗರಿಗೆ ಬಿಡುವಾಗುವ ಹೊತ್ತು ನೋಡಿ ಆಟ ಇಡಬೇಕು. ಅವರಲ್ಲಿ ಎಷ್ಟೋ ಮಂದಿಯ ಮನೆಯಿಂದ ಊರಿನ ಡೇರಿಗೆ ಈಗಲೂ ಹಾಲು ಹೋಗುತ್ತದೆ. ಫ್ಯಾಟ್ ಎಷ್ಟು ಬಂತು ಅನ್ನೋದರ ಮೇಲೆ ಅಮ್ಮಂದಿರ ಕೈಗೆ ದುಡ್ಡು ಬರುವ ಲೆಕ್ಕ ಅವರಿಗೆ ಭಾಷಣಕಾರರಿಗಿಂತ ಚೆನ್ನಾಗಿ ಗೊತ್ತು.

ಸಭಾಗೃಹ ಕೊಡುವ ಸಂಘ ಮುಂದೆ ಬಂದರೆ, ಅನುಮತಿಗಾಗಿ ಓಡಾಡಲು ನಾನು ತಯಾರಿದ್ದೇನೆ. ನಿವೃತ್ತನಾಗಿದ್ದೇನೆ, ಲೋಕಲ್ ಪಾಸ್ ಇನ್ನೂ ಇದೆ.

— ಓದುಗ, ಡೊಂಬಿವಲಿ ಪೂರ್ವ