ಹಳೇ ಕ್ಯಾಮೆರಾಗೆ ಯಾವ ಕಾರ್ಡು, ಯಾವ ಸೆಲ್ಲು?

ಸಂಪಾದಕರೇ,

ಕಾಲೇಜು ಮಕ್ಕಳು ಈಗ ಮತ್ತೆ ಹಳೇ ಡಿಜಿಟಲ್ ಕ್ಯಾಮೆರಾಗಳ ಹಿಂದೆ ಬಿದ್ದಿದ್ದಾರೆ. ನನ್ನ ಮಗಳೂ ಒಂದು ತಂದಳು, ಎರಡು ಎಎ ಸೈಜಿನ ಪೆನ್ಸಿಲ್ ಸೆಲ್ ಹಾಕುವಂಥದ್ದು, ಸೆಕೆಂಡ್ ಹ್ಯಾಂಡ್. ಕ್ಯಾಮೆರಾ ಚೆನ್ನಾಗಿಯೇ ಇದೆ. ಕೈಕೊಟ್ಟಿದ್ದು ಅದರ ಜೊತೆ ಅಂಗಡಿಯವರು ಕೊಟ್ಟ ಸೆಲ್ಲು ಮತ್ತು ಮೆಮೊರಿ ಕಾರ್ಡು.

ಮಳೆಗಾಲದಲ್ಲಿ ಜೋಗಕ್ಕೆ ಹೋಗಿದ್ದೆವು. ಮಂಜು ಸರಿದು ರಾಜಾ, ರೋರರ್ ಎರಡೂ ಕಾಣಿಸಿದ ಹೊತ್ತಿಗೆ ಸರಿಯಾಗಿ ಬ್ಯಾಟರಿ ಬದಲಿಸಿ ಅಂತ ಪರದೆಯ ಮೇಲೆ ಬಂತು. ತೆಗೆದಿದ್ದು ಹನ್ನೊಂದು ಫೋಟೊ ಅಷ್ಟೇ. ಅವೇ ಸೆಲ್ಲುಗಳನ್ನು ಮನೆಗೆ ಬಂದು ಗೋಡೆ ಗಡಿಯಾರಕ್ಕೆ ಹಾಕಿದೆ, ಇವತ್ತಿಗೂ ಓಡುತ್ತಿದೆ! ಗಡಿಯಾರಕ್ಕೆ ಬೇಕಾದ ಕರೆಂಟು ಚೂರೇ ಚೂರು, ಆದರೆ ಫ್ಲ್ಯಾಶು, ಜೂಮು ಒಮ್ಮೆಲೇ ಜಾಸ್ತಿ ಎಳೆಯುತ್ತವೆ, ಆಗ ಮಾಮೂಲಿ ಸೆಲ್ಲಿನ ವೋಲ್ಟೇಜು ಕುಸಿದುಬಿಡುತ್ತದೆ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ ಮೇಲೆ 1.2 ವೋಲ್ಟ್ ಅಂತಲೇ ಬರೆದಿರುತ್ತದೆ, ಕಡಿಮೆ ಅಂತ ಹೆದರಬೇಡಿ, ಅದು ಅಷ್ಟು ಎಳೆದರೂ ತಡೆದುಕೊಳ್ಳುತ್ತದೆ. ಅದರಲ್ಲೂ ಸುಮ್ನೆ ಇಟ್ಟರೆ ಬೇಗ ಚಾರ್ಜ್ ಇಳಿಯದ ಜಾತಿಯದ್ದು ಸಿಗುತ್ತದೆ, ಎನೆಲೂಪ್ ಬ್ರ್ಯಾಂಡಿನ ಥರದ್ದು. 2000 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಆಸುಪಾಸಿನದ್ದು ಸಾಕು. ಎಎ ಸೈಜಿನಲ್ಲಿ 4000, 5000 ಅಂತ ಬರೆದಿದ್ದರೆ ಅದು ಸುಳ್ಳು, ಮುಟ್ಟಬೇಡಿ. ಜೋಡಿ ಸೆಲ್ಲುಗಳನ್ನು ಜೊತೆಯಾಗಿಯೇ ಬಳಸಿ, ಹಳೇದು ಹೊಸದು ಬೆರೆಸಬಾರದು. ಚಾರ್ಜರ್ ತುಂಬಿದ ಮೇಲೆ ತಾನೇ ನಿಲ್ಲುವಂಥದ್ದಾಗಿರಲಿ.

ಕಾರ್ಡಿನದ್ದು ಇನ್ನೂ ಬೇಜಾರಿನ ಕಥೆ. ಮೇಲೆ 32 ಜಿಬಿ ಅಂತ ಬರೆದಿತ್ತು. ಕೆಲವು ತಿಂಗಳು ಎಲ್ಲ ಸರಿ ಇತ್ತು. ನನ್ನ ತಂಗಿಯ ಮನೆ ಗೃಹಪ್ರವೇಶದ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿದರೆ ಒಂದರಲ್ಲಿ ಕಳಶದ ಮೇಲರ್ಧ ಇದೆ, ಕೆಳಗೆಲ್ಲ ಬೂದು ಬಣ್ಣ, ಉಳಿದವು ತೆರೆಯುವುದೇ ಇಲ್ಲ. ನಕಲಿ ಕಾರ್ಡು. ಒಳಗಿರುವ ಜಾಗ ಸ್ವಲ್ಪ, ತುಂಬಿದ ಮೇಲೂ ಬರೆದಂತೆ ನಟಿಸುತ್ತದೆ. ಆ ದಿನ ಅಪ್ಪನೂ ಬಂದಿದ್ದರು, ಅವರ ಒಂದು ಫೋಟೊನೂ ಉಳಿಯಲಿಲ್ಲ.

ಕಾರ್ಡು ತಂದ ದಿನವೇ ಕಂಪ್ಯೂಟರಿನಿಂದ ಅದರ ತುಂಬ ವಿಡಿಯೊ ತುಂಬಿಸಿ, ಕಾರ್ಡನ್ನು ಹೊರಗೆ ತೆಗೆದು ಮತ್ತೆ ಹಾಕಿ, ಎಲ್ಲ ಕೊನೆತನಕ ಓಡುತ್ತವಾ ನೋಡಿ. ಎಚ್‌2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ.

ಇನ್ನೊಂದು ವಿಷಯ. ದೊಡ್ಡ ಕಾರ್ಡು ಎಲ್ಲ ಕ್ಯಾಮೆರಾಗೂ ಹಿಡಿಸುವುದಿಲ್ಲ. ಕಾರ್ಡಿನ ಮೇಲೆ ಬರೀ ಎಸ್‌ಡಿ ಅಂತಿದ್ದರೆ 2 ಜಿಬಿ ತನಕ, ಎಸ್‌ಡಿಎಚ್‌ಸಿ ಅಂತಿದ್ದರೆ 32 ತನಕ, ಅದಕ್ಕಿಂತ ಮೇಲಿನದ್ದು ಎಸ್‌ಡಿಎಕ್ಸ್‌ಸಿ. 2006ಕ್ಕಿಂತ ಮುಂಚಿನ ಕ್ಯಾಮೆರಾ ಆದರೆ 2 ಜಿಬಿ ಅಥವಾ ಅದಕ್ಕಿಂತ ಕಡಿಮೆಯದ್ದನ್ನೇ ಹುಡುಕಬೇಕು. ಎಷ್ಟೋ ಜನ ಇದು ಗೊತ್ತಿಲ್ಲದೆ ಕ್ಯಾಮೆರಾನೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಹಳೇ ಕ್ಯಾಮೆರಾ ಮಾರುವ ಅಂಗಡಿಯವರಲ್ಲಿ ನನ್ನದೊಂದೇ ಕೋರಿಕೆ. ಯಾವ ಕಾರ್ಡು, ಎಷ್ಟು ಜಿಬಿ ತನಕ, ಯಾವ ಸೆಲ್ಲು ಅಂತ ಒಂದು ಚೀಟಿ ಬರೆದು ಡಬ್ಬಿಗೆ ಅಂಟಿಸಿಕೊಡಿ. ಎರಡು ನಿಮಿಷದ ಕೆಲಸ ಅಲ್ವಾ?

– ಒಬ್ಬ ಓದುಗ, ಶಿವಮೊಗ್ಗ