ಟ್ಯಾಂಕಲ್ಲಿ ಏನಿದೆ ಅಂತ ಕೇಳದೆ ಸೆನ್ಸರ್ ತರಿಸ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಕಾರ್ಖಾನೆಗಳ ಆಟೊಮೇಶನ್ ಬಗ್ಗೆ ಮೊನ್ನೆ ನಿಮ್ಮ ಪೇಪರಲ್ಲಿ ಬಂದ ಲೇಖನ ಓದ್ದೆ, ಚೆನ್ನಾಗಿತ್ತು, ಆದ್ರೆ ಅದ್ರಲ್ಲಿ ಟ್ಯಾಂಕಿಗೊಂದು ಕೆಪ್ಯಾಸಿಟೆನ್ಸ್ ಸೆನ್ಸರ್ ಕೂರಿಸಿದ್ರೆ ಲೆವೆಲ್ ತಾನಾಗೇ ಗೊತ್ತಾಗುತ್ತೆ ಅಂತ ಒಂದು ಸಾಲಿತ್ತಲ್ಲ, ಅದು ಎರಡು ದಿನದಿಂದ ತಲೆ ಕೊರೀತಿದೆ. ಇಷ್ಟು ವರ್ಷ ಇನ್‌ಸ್ಟ್ರುಮೆಂಟ್ ಕೆಲಸ ಮಾಡ್ಕೊಂಡು ಬಂದಿದೀನಿ, ಕೆಟ್ಟುಹೋದ ಸೆನ್ಸರ್‌ಗಿಂತ ತಪ್ಪು ಟ್ಯಾಂಕಿಗೆ ಬಂದ ಒಳ್ಳೇ ಸೆನ್ಸರ್‌ಗಳನ್ನೇ ಜಾಸ್ತಿ ಬಿಚ್ಚಿದೀನಿ.

ಇದು ಕೆಲಸ ಮಾಡೋ ರೀತಿ ಸುಲಭ. ಕೆಪ್ಯಾಸಿಟೆನ್ಸ್ ಅಂದ್ರೆ ಎದುರುಬದುರಾದ ಎರಡು ಲೋಹದ ಪ್ಲೇಟು ಎಷ್ಟು ಚಾರ್ಜ್ ಹಿಡಿದಿಟ್ಕೊಳ್ಳುತ್ತೆ ಅನ್ನೋ ಅಳತೆ. ಟ್ಯಾಂಕೊಳಗೆ ಇಳಿಬಿಡೋ ರಾಡ್, ಅಂದ್ರೆ ಪ್ರೋಬ್, ಒಂದು ಪ್ಲೇಟು, ಟ್ಯಾಂಕಿನ ಲೋಹದ ಗೋಡೆ ಇನ್ನೊಂದು ಪ್ಲೇಟು, ಮಧ್ಯೆ ಇರೋ ಮಾಲು ಡೈಎಲೆಕ್ಟ್ರಿಕ್. ಆ ಮಾಲು ಕೆಪ್ಯಾಸಿಟೆನ್ಸನ್ನ ಎಷ್ಟು ಪಟ್ಟು ಏರಿಸುತ್ತೆ ಅನ್ನೋ ಸಂಖ್ಯೆಗೆ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ ಅಂತಾರೆ: ಗಾಳಿಗೆ 1, ಡೀಸೆಲ್ ತರದ ಎಣ್ಣೆಗೆ 2ರ ಆಸುಪಾಸು, ನೀರಿಗೆ ಸಾಮಾನ್ಯ ಉಷ್ಣಾಂಶದಲ್ಲಿ 80. ಮಾಲು ಏರಿದ ಹಾಗೆ ಕೆಪ್ಯಾಸಿಟೆನ್ಸ್ ಏರುತ್ತೆ, ಟ್ರಾನ್ಸ್‌ಮಿಟರ್ ಅದನ್ನ 4ರಿಂದ 20 ಮಿಲಿಆಂಪ್ ಕರೆಂಟ್ ಸಿಗ್ನಲ್ (ಖಾಲಿಗೆ 4, ಫುಲ್ಲಿಗೆ 20) ಮಾಡಿ ಕಂಟ್ರೋಲ್ ರೂಮಿಗೆ ಕಳಿಸುತ್ತೆ. ಒಳಗೆ ಅಲ್ಲಾಡೋ ಭಾಗ ಇಲ್ಲ, ಅದೇ ಇದರ ದೊಡ್ಡ ಲಾಭ.

ತಕರಾರು ಶುರುವಾಗೋದೇ ಆ ಕಾನ್‌ಸ್ಟಂಟ್ ಹತ್ರ. ಕ್ಯಾಲಿಬ್ರೇಶನ್ ದಿನ, ಅಂದ್ರೆ ಸೆನ್ಸರನ್ನ ಆ ಮಾಲಿಗೆ ಹೊಂದಿಸಿದ ದಿನ, 2.0 ಇದ್ದ ಪುಡಿ ಅಥವಾ ಎಣ್ಣೆ, ತೇವ ಹಿಡಿದೋ ಬ್ಯಾಚ್ ಬದಲಾಗಿಯೋ 2.2 ಆಯ್ತು ಅನ್ಕೊಳ್ಳಿ. ಹತ್ತು ಪರ್ಸೆಂಟ್ ತಾನೇ ಅನ್ನಿಸುತ್ತೆ, ಆದ್ರೆ ಸೆನ್ಸರಿಗೆ ಲೆಕ್ಕ ಗಾಳಿಯ 1ರಿಂದ ಮೇಲಕ್ಕೆ, ಮುಂಚೆ 1.0 ಇದ್ದ ವ್ಯತ್ಯಾಸ ಈಗ 1.2, ಅಲ್ಲಿಗೆ ರೀಡಿಂಗ್ ಶೇ 20 ಜಾಸ್ತಿ. ಅರ್ಧ ತುಂಬಿದ ಟ್ಯಾಂಕು ಶೇ 60 ತೋರಿಸ್ತಾ ಇರುತ್ತೆ, ಎಲ್ರೂ ನಂಬ್ಕೊಂಡು ಕೂತಿರ್ತಾರೆ. ಒಂದೇ ಟ್ಯಾಂಕಲ್ಲಿ ಇವತ್ತೊಂದು ನಾಳೆಯೊಂದು ಮಾಲು ತುಂಬೋರು ಪ್ರತಿ ಸಲ ಕ್ಯಾಲಿಬ್ರೇಟ್ ಮಾಡೋಕೆ ತಯಾರಿಲ್ಲ ಅಂದ್ರೆ ಬೇರೆ ಟೆಕ್ನಾಲಜಿ ನೋಡ್ಕೊಳ್ಳೋದು ಒಳ್ಳೇದು ಅಂತ ನಾನಂತೂ ಹೇಳ್ತೀನಿ.

ಆಸಿಡ್, ಕಾಸ್ಟಿಕ್ ತರ ಕರೆಂಟ್ ಹರಿಸೋ ದ್ರವದ ಕಥೆ ಬೇರೆ. ಬರೀ ರಾಡ್ ಹಾಕಿದ್ರೆ ಶಾರ್ಟು, ಟೆಫ್ಲಾನ್ ಹೊದಿಸಿದ ಪ್ರೋಬೇ ಬೇಕು, ಆಗ ದ್ರವವೇ ಎರಡನೇ ಪ್ಲೇಟು, ಟೆಫ್ಲಾನೇ ಡೈಎಲೆಕ್ಟ್ರಿಕ್, ಹಾಗಾಗಿ ದ್ರವದ ಗಾಢತೆ ಸ್ವಲ್ಪ ಆಚೀಚೆ ಆದ್ರೂ ರೀಡಿಂಗ್ ಜಗ್ಗಲ್ಲ. ಆದ್ರೆ ಇಳಿಸುವಾಗ ನಾಝಲ್ (ಪ್ರೋಬ್ ಇಳಿಸೋ ಟ್ಯಾಂಕಿನ ಬಾಯಿ) ಅಂಚಿಗೆ ಉಜ್ಜಿ ಟೆಫ್ಲಾನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ರೂ ಮುಗೀತು, ದ್ರವ ಅಲ್ಲಿಗೆ ಮುಟ್ಟಿದ ಕೂಡ್ಲೇ ಟ್ಯಾಂಕ್ ಫುಲ್ ಅಂದ್ಬಿಡುತ್ತೆ.

ಇನ್ನು ಅಂಟೋ ಮಾಲು. ಒಂದ್ಸಲ ಖಾಲಿ ಮಾಡಿದ ಟ್ಯಾಂಕು ಶೇ 40 ತೋರಿಸ್ತಿತ್ತು, ಆಪರೇಟರ್ ಪಾಪ ಎರಡು ಸಲ ಮ್ಯಾನ್‌ಹೋಲ್ ತೆಗೆದು ಟಾರ್ಚ್ ಬಿಟ್ಟು ನೋಡಿದ್ರು. ಪ್ರೋಬ್ ಮೇಲೆ ಬೆರಳ ದಪ್ಪ ಒದ್ದೆ ಪೇಸ್ಟ್ ಮೆತ್ಕೊಂಡಿತ್ತು. ಮ್ಯಾನ್‌ಹೋಲಿಂದ ಉದ್ದ ಕೋಲಿಗೆ ಬಟ್ಟೆ ಸುತ್ತಿ ಮೇಲಿಂದ ಕೆಳಗೆ ಒರೆಸ್ತಾ ಬಂದೆ, 40, 31, 18 ಅಂತ ಡಿಸ್ಪ್ಲೇ ಕಣ್ಮುಂದೆನೇ ಇಳೀತು. ಇಂಥ ಕಡೆ ಆರ್‌ಎಫ್ ಅಡ್ಮಿಟೆನ್ಸ್ ಪ್ರೋಬ್ ತರಿಸ್ಬೇಕು, ಅದು ಇದೇ ತತ್ವದ್ದು, ಆದ್ರೆ ಪ್ರೋಬಿನ ಮೇಲ್ಭಾಗದ ಸುತ್ತ ಗಾರ್ಡ್ ಅನ್ನೋ ಇನ್ನೊಂದು ಲೋಹದ ಭಾಗ ಇರುತ್ತೆ, ಗಾರ್ಡಿಗೂ ಪ್ರೋಬಿಗೂ ಒಂದೇ ವೋಲ್ಟೇಜ್ ಇರೋದ್ರಿಂದ ಮೆತ್ತಿದ ಪದರದ ಮೂಲಕ ಗೋಡೆಗೆ ಹರಿಯೋ ಕರೆಂಟು ಲೆಕ್ಕಕ್ಕೆ ಸೇರಲ್ಲ.

ಪ್ಲಾಸ್ಟಿಕ್ ಅಥವಾ ಎಫ್‌ಆರ್‌ಪಿ (ಫೈಬರ್ ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಟ್ಯಾಂಕಿಗೆ ಗೋಡೆ ಪ್ಲೇಟ್ ಆಗಲ್ಲ, ಪಕ್ಕದಲ್ಲೊಂದು ಗ್ರೌಂಡ್ ರಾಡೋ, ಪ್ರೋಬ್ ಸುತ್ತ ಪೈಪೋ ಇರ್ಲೇಬೇಕು, ಇಲ್ಲಾಂದ್ರೆ ಯಾರಾದ್ರೂ ಹೊರಗೆ ಒರಗಿ ನಿಂತ್ರೂ ಲೆವೆಲ್ ಏರುತ್ತೆ, ತಮಾಷೆ ಅಲ್ಲ, ನೋಡಿದೀನಿ. ಅಡ್ಡ ಮಲಗಿಸಿದ ಸಿಲಿಂಡರ್ ಟ್ಯಾಂಕಿಗೂ ಅದೇ ಮದ್ದು, ಅಲ್ಲಿ ಪ್ರೋಬಿಂದ ಗೋಡೆಗಿರೋ ದೂರ ಎತ್ತರಕ್ಕೆ ತಕ್ಕಂತೆ ಬದಲಾಗ್ತಾ ಹೋಗುತ್ತೆ.

ಇನ್ನೊಂದು ಮಾತು. ಲೆವೆಲ್ ತೋರಿಸೋ ಪ್ರೋಬನ್ನೇ ಓವರ್‌ಫ್ಲೋ ತಡೆಯೋಕೂ ನಂಬ್ಕೊಳ್ಳೋದು ಬೇಡ, ಮಾಲು ಮೇಲಿನ ಮಿತಿ ಮುಟ್ಟಿದಾಗ ಎಚ್ಚರಿಸೋ ಹೈ ಲೆವೆಲ್ ಸ್ವಿಚ್ ಬೇರೆಯೇ ಇರ್ಲಿ, ಅದನ್ನ ಆಗಾಗ ಟೆಸ್ಟೂ ಮಾಡ್ತಿರಿ. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಡಿಪೋದಲ್ಲಿ ಪೆಟ್ರೋಲ್ ಟ್ಯಾಂಕ್ ಉಕ್ಕಿ ಸ್ಫೋಟ ಆಯ್ತಲ್ಲ, ಅಲ್ಲಿದ್ದಿದ್ದು ಕೆಪ್ಯಾಸಿಟೆನ್ಸ್ ಅಲ್ಲ, ಬೇರೆ ತರದ ಗೇಜು, ಅದು ಸಿಕ್ಕಾಕೊಂಡು ಒಂದೇ ಲೆವೆಲ್ ತೋರಿಸ್ತಿತ್ತು, ಬೇರೆ ಹೈ ಲೆವೆಲ್ ಸ್ವಿಚ್ಚೂ ಇತ್ತು, ಆದ್ರೆ ಅದರ ಟೆಸ್ಟ್ ಲಿವರನ್ನ ಸರಿಯಾದ ಜಾಗದಲ್ಲಿ ಹಿಡಿದಿಡೋಕೆ ಹಾಕ್ಬೇಕಾದ ಬೀಗ ಹಾಕಿರ್ಲಿಲ್ಲ, ಹಾಗಾಗಿ ಸ್ವಿಚ್ ಕೆಲಸಾನೇ ಮಾಡ್ಲಿಲ್ಲ.

ಹೋದ ವಾರ ನನ್ನ ಟೇಬಲ್ಲಿಗೆ ಒಂದು ಎನ್‌ಕ್ವೈರಿ ಶೀಟ್ ಬಂತು. ಟ್ಯಾಂಕ್ ಎತ್ತರ, ಫ್ಲೇಂಜ್ ಸೈಜು, ಡೆಲಿವರಿ ಡೇಟು ಎಲ್ಲ ನೀಟಾಗಿ ತುಂಬಿದ್ರು, ಒಳಗಿರೋ ಮಾಲು ಯಾವ್ದು ಅನ್ನೋ ಕಾಲಮ್ಮಲ್ಲಿ ಮಾತ್ರ "ಲಿಕ್ವಿಡ್" ಅಂತ ಒಂದೇ ಪದ. ವಾಪಸ್ ಕಳಿಸಿದೀನಿ. ಪರ್ಚೇಸ್‌ನೋರು ಫೋನ್ ಮಾಡಿ, ಲಿಕ್ವಿಡ್ ಅಲ್ದೆ ಇನ್ನೇನ್ರೀ ಬರೀಬೇಕು ಅಂತ ಕೇಳ್ತಿದಾರೆ.

ಇತಿ,
ಒಬ್ಬ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್